ಮೊಣಕಾಲುದ್ದ ನೀರಿನಲ್ಲಿ ಗಾಳ: ಕೃಷ್ಣೆ, ಭೀಮೆ ಕಲಿಸಿದ ಪಾಠಗಳು

ವಿಜಯಪುರ ಜಿಲ್ಲೆ ಎಂದರೆ ಬಿಸಿಲು, ಬರ, ಬಿಳಿಜೋಳ ಅಷ್ಟೇ ಎಂದುಕೊಂಡವರು ದೀಪಾವಳಿಯ ಹೊತ್ತಿಗೆ ಒಮ್ಮೆ ಕೊಲ್ಹಾರದ ಸೇತುವೆಯ ಮೇಲೆ ನಿಂತು ನೋಡಬೇಕು. ಎರಡೂ ಕಡೆ ಕಣ್ಣು ಹಾಯುವವರೆಗೆ ನೀರು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಅಂಚಿಗೆ ಈ ನೀರನ್ನು ತಂದಿತು. ಅದರ ಕೆಳಗೆ, ಮುದ್ದೇಬಿಹಾಳದ ದಂಡೆಗೆ, ನಾರಾಯಣಪುರದ ಬಸವಸಾಗರದ ಹಿನ್ನೀರು. ಉತ್ತರಕ್ಕೆ ಹೋದರೆ ಇಂಡಿ, ಸಿಂದಗಿಯ ಗಡಿಗುಂಟ ಭೀಮೆ.

ಜಗತ್ತಿನ ಗಾಳಪ್ರಿಯರು ಸಾಲ ಮಾಡಿಯಾದರೂ ಸೇಶೆಲ್ಸ್, ಬಹಾಮಾಸ್, ಪೆಸಿಫಿಕ್ ಸಾಗರದ ನಡುವಿನ ಕ್ರಿಸ್ಮಸ್ ದ್ವೀಪಕ್ಕೆ ಹೋಗುತ್ತಾರೆ. ಅಲ್ಲಿ ಮೊಣಕಾಲುದ್ದ ಉಪ್ಪುನೀರಿನ ಬಯಲಿನಲ್ಲಿ ನಡೆಯುತ್ತ ಮೊದಲು ಮೀನನ್ನು ಕಣ್ಣಾರೆ ಕಾಣುತ್ತಾರೆ, ಆಮೇಲೆ ಗರಿ, ನೂಲು ಸುತ್ತಿ ಹುಳುವಿನಂತೆಯೋ ಸೀಗಡಿಯಂತೆಯೋ ಕಟ್ಟಿದ ಗಾಳವನ್ನು ಬೀಸುತ್ತಾರೆ. ಇದೇ ಫ್ಲೈ ಫಿಶಿಂಗ್. ಇಲ್ಲಿ ತೂಕ ಇರುವುದು ಗಾಳದಲ್ಲಲ್ಲ, ದಾರದಲ್ಲಿ. ದಪ್ಪ ದಾರವನ್ನು ಹಿಂದೆ ಮುಂದೆ ಬೀಸಿ ಬಿಟ್ಟರೆ ಅದು ಹಗುರ ಗಾಳವನ್ನು ಎಳೆದುಕೊಂಡು ದೂರ ಹೋಗುತ್ತದೆ. ನಮ್ಮ ಹಿನ್ನೀರಿನ ಅಂಚಿನಲ್ಲೂ ಇದೇ ವಿದ್ಯೆ ನಡೆಯುತ್ತದೆ. ನಾನು ಅದನ್ನು ಕಲಿತದ್ದೇ ಇಲ್ಲಿ. ಗಾಳ ಹಾಕುವುದು ಪರದೇಶದ ಖಯಾಲಿ ಎನ್ನುವವರಿಗೆ ಒಂದು ಮಾತು: ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಮೀನಿನ ಜಾತಿ, ಅದರ ಆಹಾರ, ಗಾಳ ಹಾಕುವ ಬಗೆ ಎಲ್ಲ ಅದರಲ್ಲಿವೆ. ನಮ್ಮ ಈ ಸೀಮೆಯೂ ಅವನ ರಾಜ್ಯದೊಳಗೇ ಇತ್ತು.

ಈ ನೀರು ನನಗೆ ಕಲಿಸಿದ್ದನ್ನು ಹೊಸಬರಿಗೆಂದು ಇಲ್ಲಿ ಬರೆದಿದ್ದೇನೆ.

1. ಮೊದಲು ಜಲಾಶಯದ ಮಟ್ಟ ನೋಡಿ

ಸಮುದ್ರದಲ್ಲಿ ದಿನಕ್ಕೆರಡು ಸಲ ಭರತ ಇಳಿತ. ನಮ್ಮಲ್ಲಿ ವರ್ಷಕ್ಕೆ ಒಂದೇ ಭರತ, ಒಂದೇ ಇಳಿತ. ಆಲಮಟ್ಟಿಯ ಗರಿಷ್ಠ ಮಟ್ಟ 519.60 ಮೀಟರ್. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಚೆನ್ನಾಗಿ ಆದ ವರ್ಷ ಆಗಸ್ಟ್ ಹೊತ್ತಿಗೆ ಜಲಾಶಯ ತುಂಬುತ್ತದೆ. ಕಾಲುವೆಗೆ ನೀರು ಬಿಡುತ್ತ ಬಿಡುತ್ತ ಬೇಸಿಗೆಗೆ ಹಲವು ಮೀಟರ್ ಇಳಿಯುತ್ತದೆ. ನಮ್ಮ ನೆಲಕ್ಕೆ ಇಳಿಜಾರು ಕಡಿಮೆ. ಹೀಗಾಗಿ ನೀರು ಆಳಿನೆತ್ತರ ಇಳಿದರೆ ದಂಡೆ ಎಷ್ಟೋ ಹೊಲದಾಚೆಗೆ ಸರಿದಿರುತ್ತದೆ. ಹೋದ ತಿಂಗಳು ಮೀನು ಸಿಕ್ಕ ಜಾಗದಲ್ಲಿ ಈ ತಿಂಗಳು ಕಡಲೆ ಬಿತ್ತಿರುತ್ತಾರೆ.

ನನ್ನ ಲೆಕ್ಕದಲ್ಲಿ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ನೀರು ತಿಳಿಯಾಗಿರುತ್ತದೆ, ಮೆಲ್ಲಗೆ ಇಳಿಯುತ್ತಿರುತ್ತದೆ. ಮಟ್ಟ ಏರುವಾಗ ಮೀನು ಹೊಸದಾಗಿ ಮುಳುಗಿದ ಹುಲ್ಲಿನೊಳಗೆ ಚದುರುತ್ತದೆ. ಸರಸರ ಇಳಿಯುವಾಗ ಆಳಕ್ಕೆ ಸರಿಯುತ್ತದೆ. ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಪತ್ರಿಕೆಗಳಲ್ಲಿ ಬರುತ್ತವೆ. ನಾಲ್ಕಾರು ದಿನದ ಅಂಕಿಯನ್ನು ಸಾಲಾಗಿ ನೋಡಿದ ಮೇಲೆಯೇ ಮನೆ ಬಿಡಬೇಕು. ಬಸವಸಾಗರಕ್ಕೆ ಆಲಮಟ್ಟಿಯಿಂದ ನೀರು ಬರುತ್ತಿರುವುದರಿಂದ ಅಲ್ಲಿಯ ಅಂಕಿಯನ್ನು ಬೇರೆಯಾಗಿಯೇ ನೋಡಬೇಕು.

2. ನೀರಿನ ಕೆಳಗಿನ ಹೊಲವನ್ನು ಹಿರಿಯರಿಂದ ಕೇಳಿ ತಿಳಿಯಿರಿ

ಈ ನೀರಿನ ಕೆಳಗೆ ಊರುಗಳಿವೆ. ಹಳೆಯ ಕೊಲ್ಹಾರ ಮುಳುಗಿ ಊರು ಮೇಲಕ್ಕೆ ಬಂತು. ಹೊಲ, ಒಡ್ಡು, ಬಾವಿ, ಗಾಡಿದಾರಿ, ಹಳ್ಳ ಎಲ್ಲ ಒಳಗಿವೆ, ಮೀನು ತಿರುಗಾಡುವುದೂ ಅವುಗಳ ಗುಂಟವೇ. ಹಳ್ಳದ ಹಳೆಯ ಪಾತ್ರ ಮೀನಿಗೆ ಹೆದ್ದಾರಿ: ಬೆಳಿಗ್ಗೆ ಅದರಿಂದ ಮೇಲೆ ಬಂದು ಒಡ್ಡಿನ ಅಂಚಿಗೆ ಮೇಯುತ್ತದೆ, ಬಿಸಿಲೇರಿದ ಮೇಲೆ ಅದರಲ್ಲೇ ಇಳಿದು ಹೋಗುತ್ತದೆ.

ಈ ನಕ್ಷೆ ಯಾವ ಮೊಬೈಲಿನಲ್ಲೂ ಇಲ್ಲ. ಅಲ್ಲಿ ರಂಟೆ ಹೊಡೆದ ಹಿರಿಯರ ತಲೆಯಲ್ಲಿದೆ. ನಾನು ಹೋಗುವ ಊರಿನ ಅಂಬಿಗರ ಕಾಕಾ ಒಬ್ಬರು ಹರಿಗೋಲಿನಲ್ಲಿ ಕೂತು ಕೈ ತೋರಿಸುತ್ತ ಹೇಳುವುದೇ ಹೀಗೆ: “ಅಲ್ಲಿ ನಮ್ಮಪ್ಪನ ಬಾವಿ ಇತ್ರಿ. ಅದರ ಈಚೀಕ ಒಡ್ಡು. ಒಡ್ಡಿನ ಮ್ಯಾಲ ನಿಂದರ್‍ರಿ, ಬಾವಿ ಕಡೆ ಹೋಗಬ್ಯಾಡ್ರಿ.” ಅವರು ತೋರಿಸಿದ ಒಡ್ಡಿನ ಮೇಲೆ ನಿಂತರೆ ಮೊಣಕಾಲುದ್ದ, ಎರಡು ಹೆಜ್ಜೆ ತಪ್ಪಿದರೆ ಆಳ. ಭೂಮಿ ಕಳಕೊಂಡವರ ಹತ್ತಿರ ಇಂಥ ಮಾತು ಕೇಳುವಾಗ ಅವಸರ ಮಾಡಬಾರದು. ಕೂತು ಕೇಳಬೇಕು.

ಹಕ್ಕಿಗಳೂ ದಾರಿ ಹೇಳುತ್ತವೆ. ಚಳಿಗಾಲಕ್ಕೆ ಬರುವ ರಾಜಹಂಸಗಳು ಕೊಲ್ಹಾರ, ಕೊರ್ತಿಯ ಹಿನ್ನೀರಿನಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಅವು ನಿಂತು ಮೇಯುವಲ್ಲಿ ನೀರು ಆಳವಿಲ್ಲ. ಅವುಗಳ ಹತ್ತಿರ ಮಾತ್ರ ಹೋಗಬೇಡಿ. ಒಮ್ಮೆ ಎಬ್ಬಿಸಿದರೆ ಹಕ್ಕಿಗೂ ದಣಿವು, ಸುತ್ತಲಿನ ಮೀನೂ ಹೆದರುತ್ತದೆ.

3. ಸೂರ್ಯ ಬೆನ್ನಿಗಿರಲಿ

ಆಳವಿಲ್ಲದ ನೀರಿನಲ್ಲಿ ಕೈಗಿಂತ ಕಣ್ಣು ದೊಡ್ಡದು. ಸೂರ್ಯ ಮೇಲೇರಿದ ಹೊತ್ತು, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ, ನೀರಿನೊಳಗೆ ಚೆನ್ನಾಗಿ ಕಾಣುತ್ತದೆ. ಪೋಲರಾಯ್ಡ್ ಕನ್ನಡಕ ಇದ್ದರೆ ಮೇಲಿನ ಥಳಥಳ ಕಡಿಮೆಯಾಗಿ ತಳ ಕಾಣುತ್ತದೆ. ಮೀನನ್ನೇ ಹುಡುಕಬೇಡಿ. ಸರಿಯುವ ನೆರಳು, ನೀರಿನ ಮೇಲಿನ ಸಣ್ಣ ನಡುಕ, ಒಂದೇ ಕಡೆ ಏಳುವ ಕೆಸರಿನ ಹೊಗೆ ಇವನ್ನು ಹುಡುಕಿ.

ನೀವು ಮೀನನ್ನು ನೋಡಿದಂತೆ ಅದೂ ನಿಮ್ಮನ್ನು ನೋಡುತ್ತದೆ. ಬೆಳಕು ನೀರಿನಲ್ಲಿ ಬಾಗುವುದರಿಂದ ಎತ್ತರಕ್ಕೆ ನಿಂತವನು ಅದಕ್ಕೆ ದೂರದಿಂದಲೇ ಕಾಣುತ್ತಾನೆ, ಬಗ್ಗಿದವನು ಕಾಣುವುದು ಕಡಿಮೆ. ಬಿಳಿ ಅಂಗಿ ಬೇಡ. ಕಾಲೆತ್ತಿ ಹಾಕಬೇಡಿ, ತಳಕ್ಕೆ ತಾಗಿಸಿ ಸರಿಸಿ. ಮೀನಿನ ಮೈಯ ಪಕ್ಕದ ಗೆರೆಗೆ ನೀರಿನ ಅಲುಗಾಟ ಗೊತ್ತಾಗುತ್ತದೆ.

4. ಬಾಲ ಕಂಡಾಗ ಉಸಿರು ಬಿಗಿ ಹಿಡಿಯಿರಿ

ಸಾಮಾನ್ಯ ಗೆಂಡೆ ನಮ್ಮ ಹಿನ್ನೀರಿನ ದೊಡ್ಡ ಗುರು. ಕೆಸರಿನಲ್ಲಿ ಮೂತಿ ಹೂತು, ಹುಳ ಹುಪ್ಪಡಿ ಹೀರಿ, ಬೇಡವಾದದ್ದನ್ನು ಉಗುಳುತ್ತ ಮುಂದೆ ಹೋಗುತ್ತದೆ. ನೀರು ಕಡಿಮೆ ಇದ್ದಲ್ಲಿ ತಲೆ ತಳಕ್ಕೆ ಹೋದಾಗ ಬಾಲದ ತುದಿ ಮೇಲೆದ್ದು ಬಿಸಿಲಿಗೆ ಹೊಳೆಯುತ್ತದೆ. ಸಮುದ್ರದ ದ್ವೀಪಗಳ ಬೋನ್‌ಫಿಶ್ ಎಂಬ ಮೀನು ಮೇಯುವುದೂ ಹೀಗೆಯೇ.

ಬಾಲ ಕಂಡೊಡನೆ ಅದರ ಮೇಲೆಯೇ ಗಾಳ ಎಸೆದರೆ ಮೀನು ಓಡಿತು. ಅದು ಯಾವ ಕಡೆ ಮೇಯುತ್ತ ಹೋಗುತ್ತಿದೆ ನೋಡಿ, ಎರಡು ಮೊಳ ಮುಂದೆ ಗಾಳ ಬಿಡಿ, ತಳಕ್ಕೆ ಇಳಿಯಲಿ. ಮೀನು ಹತ್ತಿರ ಬಂದಾಗ ಬೆರಳಗಲ ಎಳೆಯಿರಿ, ಸಾಕು. ಗೆಂಡೆ ಗಾಳವನ್ನು ಜಗ್ಗುವುದಿಲ್ಲ, ಹೀರುತ್ತದೆ. ದಾರದಲ್ಲಿ ಏನೂ ಗೊತ್ತಾಗುವುದಿಲ್ಲ. ತಲೆ ಒಂದಿಷ್ಟು ವಾಲಿತು, ಕಿವಿರು ಅಗಲವಾಯಿತು ಎಂದರೆ ಬಾಯಲ್ಲಿದೆ ಎಂದು ತಿಳಿಯಿರಿ. ಆಗ ಕೋಲನ್ನು ಮೇಲೆತ್ತಿ ಝಾಡಿಸದೆ ಕೈಯಲ್ಲಿ ದಾರವನ್ನು ನೇರ ಎಳೆಯಬೇಕು. ಗಾಳಕ್ಕೆ ಕಂದು, ಎರೆಮಣ್ಣಿನ ಬಣ್ಣ ಒಳ್ಳೆಯದು. ನಾಟಿ ಹುಂಜದ ಕೊರಳಿನ ಗರಿಯಷ್ಟು ಚೆನ್ನಾಗಿ ನೀರಿನಲ್ಲಿ ಆಡುವ ವಸ್ತು ನನಗಂತೂ ಅಂಗಡಿಯಲ್ಲಿ ಸಿಕ್ಕಿಲ್ಲ.

5. ಕೆಸರು, ಮೊಸಳೆ, ಬಿಸಿಲು: ಮೂರಕ್ಕೂ ಮರ್ಯಾದೆ ಕೊಡಿ

ನೀರು ಈಗಷ್ಟೇ ಸರಿದ ಎರೆ ನೆಲ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ತೊಡೆಯವರೆಗೆ ಹೂತರೆ ಒಬ್ಬರೇ ಎದ್ದು ಬರುವುದು ಕಷ್ಟ. ಕೈಯಲ್ಲಿ ಬಡಿಗೆ ಇರಲಿ, ಮುಂದೆ ಚುಚ್ಚಿ ನೋಡಿಯೇ ಹೆಜ್ಜೆ ಇಡಿ. ಜೊತೆಗೊಬ್ಬರು ಇಲ್ಲದೆ ನೀರಿಗೆ ಇಳಿಯಬೇಡಿ.

ಕೃಷ್ಣೆಯಲ್ಲೂ ಭೀಮೆಯಲ್ಲೂ ಮೊಸಳೆಗಳಿವೆ. ಚಳಿಗಾಲದ ಬೆಳಿಗ್ಗೆ ದಂಡೆಗೆ ಬಿಸಿಲು ಕಾಯಲು ಬರುತ್ತವೆ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ದಂಡೆಯಲ್ಲಿ ಮೊಟ್ಟೆ ಇಡುತ್ತವೆ. ಅಲ್ಲಿ ಮೊಸಳೆ ಇದೆ ಎಂದು ಊರವರು ಹೇಳಿದ ಜಾಗದಲ್ಲಿ ಗಾಳ ದಂಡೆಯಿಂದಲೂ ಬೇಡ. ಕದಡಿದ ನೀರಿಗೆ, ಸಂಜೆಗತ್ತಲಲ್ಲಿ ಇಳಿಯಲೇಬೇಡಿ. ಹಿಡಿದ ಮೀನನ್ನು ಸೊಂಟಕ್ಕೆ ಕಟ್ಟಿಕೊಂಡು ನೀರಿನಲ್ಲಿ ನಿಲ್ಲಬೇಡಿ.

ಚೇಳು ಮೀನಿನ ಮುಳ್ಳು ಚುಚ್ಚಿದರೆ ಸುಡದಷ್ಟು ಬಿಸಿ ನೀರಿನಲ್ಲಿ ಕೈ ಅದ್ದಿ ಹಿಡಿಯಿರಿ, ನೋವು ಇಳಿಯುತ್ತದೆ. ಆಮೇಲೆ ದವಾಖಾನೆಗೆ ಹೋಗಿ. ಬಿಸಿಲಿಗೆ ತಲೆಗೆ ಟವೆಲ್ಲು, ಬುತ್ತಿಗೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಕೊಲ್ಹಾರದ ಮೊಸರು, ಬಾಟಲಿಯಲ್ಲಿ ಇಂಡಿಯ ನಿಂಬೆಹಣ್ಣು ಹಿಂಡಿ ಉಪ್ಪು ಹಾಕಿದ ನೀರು. ಇದಕ್ಕಿಂತ ಬೇರೆ ಬೇಕಿಲ್ಲ.

6. ಭೀಮೆಯ ರೀತಿ ಬೇರೆ

ಇಂಡಿ, ಸಿಂದಗಿ ಕಡೆಯ ಭೀಮೆ ಬೇಸಿಗೆಯಲ್ಲಿ ಅಲ್ಲಲ್ಲಿ ಮಡುವಾಗಿ ನಿಲ್ಲುತ್ತದೆ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. 2020ರ ಅಕ್ಟೋಬರ್ ಪ್ರವಾಹವನ್ನು ದಂಡೆಯ ಊರುಗಳು ಮರೆತಿಲ್ಲ. ಆದ್ದರಿಂದ ಭೀಮೆಯಲ್ಲಿ ನಡುಗಡ್ಡೆಗೆ ದಾಟಿ ಹೋಗುವ ಮೊದಲು ಮೇಲಿನ ನೀರಿನ ಸುದ್ದಿ ಕೇಳಿಕೊಳ್ಳಿ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ನಾನು ಭೀಮೆಯಲ್ಲಿ ದಂಡೆ ಬಿಟ್ಟು ಇಳಿಯುವುದಿಲ್ಲ.

7. ಯಾವುದನ್ನು ಬಿಡಬೇಕು, ಯಾವುದನ್ನು ಒಯ್ಯಬೇಕು

ಕೊರವ ಮೀನು ಮರಿಗಳನ್ನು ಕಾಯುತ್ತದೆ. ನೀರಿನ ಮೇಲೆ ಸಣ್ಣ ಮರಿಗಳ ಗುಂಪು ಕುದಿಯುವಂತೆ ಆಡುತ್ತಿದ್ದರೆ ತಾಯಿ ತಂದೆ ಅದರ ಕೆಳಗೇ ಇರುತ್ತವೆ. ಮರಿಗಳ ಮೇಲೆ ಬಂದದ್ದೆಲ್ಲವನ್ನೂ ಅವು ಕಚ್ಚುತ್ತವೆ, ಹಿಡಿಯುವುದು ಬಹಳ ಸುಲಭ. ಹಿಡಿಯಲೇಬಾರದು. ಕಾವಲು ಹೋದ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ. ಮುಂಗಾರಿನ ಹೊಸ ನೀರಿಗೆ ಗೆಂಡೆ ಜಾತಿಗಳು ಮೊಟ್ಟೆ ಇಡಲು ಏರುವಾಗಲೂ ಗಾಳ ಗೂಟಕ್ಕಿರಲಿ.

ತಿಲಾಪಿಯ, ನಮ್ಮ ಬಾಯಲ್ಲಿ ಜಿಲೇಬಿ, ಹೊರಗಿನಿಂದ ಬಂದದ್ದು. ನೀರು ಇಳಿದಾಗ ದಂಡೆಯ ಕೆಸರಿನಲ್ಲಿ ಕಾಣುವ ತಟ್ಟೆಯಗಲದ ದುಂಡನೆಯ ಗುಂಡಿಗಳು ಅದು ಮಾಡಿದ ಗೂಡು. ಇದನ್ನು ಧಾರಾಳವಾಗಿ ಸಾರಿಗೆ ಒಯ್ಯಿರಿ. ಬಿಡಬೇಕಾದ ಮೀನನ್ನು ಒದ್ದೆ ಕೈಯಲ್ಲಿ ಹಿಡಿಯಿರಿ, ಒಣ ಕೈ ಅದರ ಮೈಯ ಲೋಳೆ ತೆಗೆಯುತ್ತದೆ. ಗಾಳದ ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ್ದರೆ ಬಿಡಿಸುವುದು ಕ್ಷಣದ ಕೆಲಸ. ಫೋಟೋಕ್ಕೆಂದು ಮೀನನ್ನು ಬಿಸಿಲಿಗೆ ಹಿಡಿದು ನಿಲ್ಲಬೇಡಿ.

8. ಬಲೆಯವರ ಹೊಟ್ಟೆ ಮೊದಲು

ಈ ನೀರು ನಮಗೆ ಖುಷಿ, ಅಂಬಿಗರಿಗೆ, ಕೋಲಿಗಳಿಗೆ ಅನ್ನ. ನೀರು ಎಲ್ಲರದು ಎಂದು ಸೀದಾ ಇಳಿಯುವ ಹಾಗಿಲ್ಲ. ಜಲಾಶಯದಲ್ಲಿ ಹಿಡಿಯಲು ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಇದೆ, ಕೆರೆಗಳು ಗುತ್ತಿಗೆಗೆ ಹೋಗಿರುತ್ತವೆ. ಮೊದಲು ಕೇಳಿ. ಅಣೆಕಟ್ಟಿನ ಹತ್ತಿರದ ನಿರ್ಬಂಧಿತ ಜಾಗಕ್ಕೆ ಹೋಗಬೇಡಿ. ಬಲೆ ಹಾಕಿದ ಗುರುತು ಕಂಡರೆ ದೂರ ಇರಿ. ಗಾಳ ಸಿಕ್ಕು ಬಲೆ ಹರಿದರೆ ಅದು ಒಂದು ಮನೆಯ ದಿನಗೂಲಿ. ತುಂಡಾದ ನೈಲಾನ್ ದಾರವನ್ನು ಜೇಬಿಗೆ ಹಾಕಿ. ಬಿಟ್ಟರೆ ಹಕ್ಕಿಯ ಕಾಲಿಗೆ ಸುತ್ತುತ್ತದೆ.

9. ಸಮುದ್ರದ ದ್ವೀಪಕ್ಕೆ ಹೋಗುವವರಿಗೆ

ನಮ್ಮ ದೇಶದಲ್ಲೇ ಲಕ್ಷದ್ವೀಪವಿದೆ, ಹವಳದ ಗೋಡೆಯೊಳಗೆ ತಿಳಿ ನೀರಿನ ಬಯಲುಗಳಿವೆ. ಹೋಗಲು ಮೊದಲೇ ಪರವಾನಗಿ ಬೇಕು. ಹಿನ್ನೀರಿನಲ್ಲಿ ಕಲಿತ ಕಣ್ಣು, ನಡಿಗೆ, ತಾಳ್ಮೆ ಅಲ್ಲಿ ಹಾಗೇ ಉಪಯೋಗಕ್ಕೆ ಬರುತ್ತವೆ. ಬದಲಾಗುವುದು ನಾಲ್ಕು: ಜಲಾಶಯದ ಮಟ್ಟದ ಬದಲು ಭರತ ಇಳಿತದ ಪಟ್ಟಿ ನೋಡಬೇಕು. ಬೋನ್‌ಫಿಶ್‌ಗೆ 8ನೇ ನಂಬರಿನ ಕೋಲು, ದೊಡ್ಡ ಟ್ರೆವಲಿ ಮೀನಿಗೆ 12ನೇ ನಂಬರು ಬೇಕು. ಹವಳ ಕೊಯ್ಯುವುದರಿಂದ ಕಾಲಿಗೆ ಗಟ್ಟಿ ಬೂಟು ಇರಲಿ, ಹವಳದ ಮೇಲೆ ಕಾಲು ಮಾತ್ರ ಇಡಬೇಡಿ. ದಿನವೂ ರೀಲನ್ನು ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ತಿಂದುಹಾಕುತ್ತದೆ. ತಳದ ಮರಳಿನಲ್ಲಿ ತೊರಕೆ ಮಲಗಿರುತ್ತದೆ. ಅಲ್ಲೂ ಕಾಲೆತ್ತದೆ ಸರಿಸುತ್ತಲೇ ನಡೆಯಿರಿ.

10. ದಾರಿ ತೋರಿದವರಿಗೆ ಕೂಲಿ ಕೊಡಿ

ಕ್ರಿಸ್ಮಸ್ ದ್ವೀಪದಲ್ಲಿ ಮೀನು ತೋರಿಸುವುದು ಆ ದ್ವೀಪದ ಜನರೇ, ಅದು ಅವರ ದುಡಿಮೆ. ನಮ್ಮ ಕಾವೇರಿಯ ಭೀಮೇಶ್ವರಿ, ಗಾಳಿಬೋರೆಯ ಶಿಬಿರಗಳಲ್ಲೂ ಮಹಶೀರ್ ಗಾಳದ ದಿನಗಳಲ್ಲಿ ದಂಡೆಯ ಹಳ್ಳಿಗರೇ ಮಾರ್ಗದರ್ಶಿಗಳಾಗಿದ್ದರು. ಹೊಳೆ ಬಲ್ಲವರ ಬಲ್ಲತನಕ್ಕೆ ಬೆಲೆ ಬಂತು, ಮೀನು ಕಾಯುವವರೂ ಅವರೇ ಆದರು.

ಕೃಷ್ಣೆಯ ಹಿನ್ನೀರಿನಲ್ಲೂ ಇದು ಆಗಬೇಕು. ಮುಳುಗಿದ ಹೊಲದ ಒಡ್ಡು ಬಲ್ಲ ಹುಡುಗನಿಗಿಂತ ಒಳ್ಳೆಯ ಮಾರ್ಗದರ್ಶಿ ಎಲ್ಲಿಂದಲೂ ಬರುವುದಿಲ್ಲ. ಅವನ ಹರಿಗೋಲಿಗೆ ಬಾಡಿಗೆ, ಅವನ ದಿನಕ್ಕೆ ಪೂರ್ತಿ ಪಗಾರ ಕೊಡಿ, ಮೀನು ಸಿಗಲಿ ಬಿಡಲಿ. ಊರವರು ಭೂಮಿ ಬಿಟ್ಟುಕೊಟ್ಟ ಮೇಲೆಯೇ ಇಲ್ಲಿ ಈ ನೀರು ನಿಂತದ್ದು. ಅದರಲ್ಲಿ ನಮಗೆ ಸಿಗುವ ಸಂತೋಷದ ಒಂದು ಪಾಲು ಅವರ ಮನೆಗೆ ಹೋಗುವುದು ನ್ಯಾಯ.