72 ಗಂಟೆ ಅಂದ್ರೆ ಯಾವತ್ತಿನವರೆಗೆ? ಮಾಧ್ಯಮ ಪಾಠಕ್ಕೊಂದು ಪುರ್ತಗೇರಿ ಅಭ್ಯಾಸ

ಇಲೆಕ್ಟ್ರಾನಿಕ್ಸ್ ಓದುವ ನಮಗೆ ಕ್ಲಾಡ್ ಶಾನನ್ ಹೆಸರು ಹೊಸದಲ್ಲ. ಚಾನೆಲ್ ಕೆಪಾಸಿಟಿ ಸೂತ್ರ ಬಾಯಿಪಾಠ ಮಾಡಿ, ಮಾರ್ಕು ತಗೊಂಡು, ಮರೆತುಬಿಡ್ತೀವಿ. ಆದರೆ 1948ರ ಆ ಪ್ರಸಿದ್ಧ ಲೇಖನದ ಶುರುವಿನಲ್ಲೇ ಶಾನನ್ ಒಂದು ಮಾತು ಹೇಳಿದ್ದಾನೆ. ಅದನ್ನು ಪರೀಕ್ಷೆಯಲ್ಲಿ ಯಾರೂ ಕೇಳಲ್ಲ. ಸಂದೇಶಕ್ಕೆ ಅರ್ಥ ಇರುತ್ತೆ ನಿಜ, ಆದರೆ ಎಂಜಿನಿಯರ್ ಲೆಕ್ಕಕ್ಕೆ ಆ ಅರ್ಥ ಬೇಕಾಗಿಲ್ಲ ಅಂತ. ಈ ತುದಿಯಲ್ಲಿ ಹಾಕಿದ್ದು ಆ ತುದಿಯಲ್ಲಿ ಹಾಗೇ ಸಿಕ್ಕರೆ ಅವನ ಕೆಲಸ ಮುಗೀತು. ಮಾಧ್ಯಮ ಓದುವವರ ಕೆಲಸ ಶುರುವಾಗೋದೇ ಅಲ್ಲಿಂದ.

ಆ ಅರ್ಥದ ಪ್ರಶ್ನೆ ಎಷ್ಟು ಭಾರದ್ದು ಅನ್ನೋದಕ್ಕೆ ನಮ್ಮ ರಾಜ್ಯದ್ದೇ ಒಂದು ಘಟನೆ ಇದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸಾಪ್ ಸುದ್ದಿ ನಂಬಿ ಗುಂಪೊಂದು ಕಾರಿನಲ್ಲಿ ಬಂದವರ ಮೇಲೆ ಬಿತ್ತು. ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಪ್ರಾಣ ಕಳಕೊಂಡರು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಸಂಶಯಕ್ಕೆ ಕಾರಣವಾಗಿತ್ತು. ಶಾನನ್ ಲೆಕ್ಕದಲ್ಲಿ ಆ ಸಂದೇಶ ಪಕ್ಕಾ ತಲುಪಿತ್ತು, ಒಂದು ಬಿಟ್ ಕೂಡ ಕೆಟ್ಟಿರಲಿಲ್ಲ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಅಂತ ಮಿತಿ ಹಾಕಿತು. ಅದರಿಂದ ವೇಗ ತಗ್ಗಬಹುದು, ಅರ್ಥ ಸರಿಯಾಗೋದಿಲ್ಲ.

ಈ ಅರ್ಥದ ಕೆಲಸವನ್ನು ನಾವು ಕೈಯಾರೆ ಮಾಡಿ ನೋಡೋಣ ಅಂತ ನಿರ್ಧಾರ ಮಾಡಿದ್ವಿ. ಊರು ಪುರ್ತಗೇರಿ. ಗದಗ ಜಿಲ್ಲೆ, ಮೊದಲು ರೋಣ ತಾಲೂಕು, ಈಗ ಗಜೇಂದ್ರಗಡ ತಾಲೂಕು. ನಮ್ಮ ಗುಂಪಿನ ಗೆಳೆಯನೊಬ್ಬನ ಸಂಬಂಧಿಕರು ಅಲ್ಲಿದ್ದಾರೆ. ಕಪ್ಪು ಮಣ್ಣಿನ ಸೀಮೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಜೋಳ. ಆರಿಸಿಕೊಂಡ ವಿಷಯ ಬೆಳೆ ವಿಮೆಯ ಒಂದೇ ಒಂದು ನಿಯಮ: ಆಲಿಕಲ್ಲು ಬಿದ್ದು, ಅಥವಾ ಹೊಲದಲ್ಲಿ ನೀರು ನಿಂತು ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು. ತಡವಾದರೆ ವರ್ಷದ ದುಡಿಮೆಗೆ ಬರಬೇಕಾದ ಪರಿಹಾರ ಕೈತಪ್ಪಬಹುದು.

ಇಂಥ ಸೂಚನೆಗಳು ಹೇಗಿರುತ್ತವೆ ಅಂತ ಎಲ್ಲರಿಗೂ ಗೊತ್ತು: "ಸ್ಥಳೀಯ ಪ್ರಕೃತಿ ವಿಕೋಪಗಳಿಂದ ಬೆಳೆ ಹಾನಿಗೊಳಗಾದಲ್ಲಿ ವಿಮೆ ನೋಂದಾಯಿತ ರೈತರು 72 ಗಂಟೆಗಳೊಳಗಾಗಿ ಸಂಬಂಧಪಟ್ಟವರಿಗೆ ಮಾಹಿತಿ ನೀಡತಕ್ಕದ್ದು." ಓದಿದವನಿಗೂ ಎರಡು ಸಲ ಓದಬೇಕು ಅನಿಸುತ್ತೆ. "ಸಂಬಂಧಪಟ್ಟವರು" ಅಂದ್ರೆ ಯಾರಪ್ಪಾ?

ಹೆರಾಲ್ಡ್ ಲ್ಯಾಸ್‌ವೆಲ್, ಇವನದ್ದೂ 1948ರದ್ದೇ, ಐದು ಪ್ರಶ್ನೆ ಕೇಳಿದ: ಯಾರು ಹೇಳ್ತಾರೆ, ಏನು ಹೇಳ್ತಾರೆ, ಯಾವ ದಾರಿಯಲ್ಲಿ, ಯಾರಿಗೆ, ಪರಿಣಾಮ ಏನು. ಮೇಲಿನ ವಾಕ್ಯಕ್ಕೆ ಇದನ್ನು ಹಚ್ಚಿ ನೋಡಿ. ಹೇಳೋರು ಯಾರೂ ಇಲ್ಲ, "ನೀಡತಕ್ಕದ್ದು" ಅನ್ನೋ ಗಾಳಿಯೊಂದೇ ಇದೆ. ಆದರೆ ಲ್ಯಾಸ್‌ವೆಲ್ ಕೇಳುಗನನ್ನು ಕೊನೆಯಲ್ಲಿ ಕೂರಿಸಿಬಿಟ್ಟ ಅನ್ನೋದು ನಮ್ಮ ತಕರಾರು. ಅವನನ್ನು ಮಧ್ಯಕ್ಕೆ ತಂದವರು ಸ್ಟುವರ್ಟ್ ಹಾಲ್, 1973ರಲ್ಲಿ. ಒಂದೇ ಸಂದೇಶವನ್ನು ಜನ ಮೂರು ಥರ ಓದ್ತಾರೆ ಅಂದರು ಅವರು: ಹೇಳಿದ ಹಾಗೇ ಒಪ್ಪೋದು, ಒಪ್ಪಿ ತನಗೆ ಬೇಕಾದಷ್ಟು ಬದಲಾಯಿಸೋದು, ಪೂರಾ ಎದುರು ನಿಲ್ಲೋದು.

ಊರಿನ ಕಟ್ಟೆಗೆ ಕೂತಾಗ ಈ ಮೂರೂ ಅರ್ಧ ತಾಸಿನಲ್ಲಿ ಸಿಕ್ಕವು. ಒಬ್ಬರು "ಹೂಂ, ತಿಳಸ್ತೀವಿ" ಅಂದರು. ಇನ್ನೊಬ್ಬರು "ವಿಮಾ ಚೊಲೋನ ಐತಿ, ಆದ್ರ ನಮ್ಮಂಥಾ ಎರಡು ಎಕರೆದವ್ರಿಗೆ ಯಾರ ಬಂದು ನೋಡ್ತಾರ?" ಅಂದರು. ಮೂರನೆಯವರು ವಯಸ್ಸಾದವರು, ನಕ್ಕು "ತಮ್ಮಾ, ಅದು ರೊಕ್ಕ ತುಂಬಿಸ್ಕೊಳ್ಳೂ ದಂಧೆ" ಅಂದುಬಿಟ್ಟರು. ಹಾಲ್ ಪುಸ್ತಕದಲ್ಲಿ ಓದಿದ್ದಕ್ಕಿಂತ ಇಲ್ಲೇ ಚೆನ್ನಾಗಿ ಅರ್ಥ ಆಯ್ತು.

ಬರೆಯೋಕೆ ಕೂತಾಗ ಮೊದಲ ತೊಡಕು ಗಂಟೆಯದ್ದೇ. ಈ ಕಡೆ ಗಂಟೆಗೆ ತಾಸು ಅಂತಾರೆ. ಹಾಗಂತ "72 ತಾಸು" ಅಂದರೂ ಯಾರೂ ಲೆಕ್ಕ ಹಾಕೋದಿಲ್ಲ. "ಮೂರು ದಿನ" ಅಂದರೆ ಇನ್ನೂ ಗೊಂದಲ: ಮಳೆ ಬಿದ್ದ ದಿನ ಸೇರಿಸಿ ಮೂರೋ, ಬಿಟ್ಟು ಮೂರೋ? ಸೋಮವಾರದ ಮಳೆಗೆ ಒಬ್ಬರು ಬುಧವಾರ ಅಂದರು, ಇನ್ನೊಬ್ಬರು ಗುರುವಾರ ರಾತ್ರಿ ಅಂದರು. ಕೊನೆಗೆ ಅಂಕಿಯನ್ನೇ ಬಿಟ್ಟು ವಾರ, ಹೊತ್ತು ಹೇಳೋದು ಅಂತಾಯ್ತು.

ಎರಡನೆಯದು ತಮಾಷೆಯದ್ದು. "ಹೆಸರಿಗೆ ವಿಮಾ ತುಂಬಿದವರು" ಅಂತ ಬರೆದು ಜೋರಾಗಿ ಓದಿದರೆ, ಬರೀ ಹೆಸರಿಗಷ್ಟೇ ವಿಮೆ ಅಂದಂಗೆ ಕೇಳಿಸ್ತು! ಇದು ಶಾನನ್ ಸೂತ್ರದ ನಾಯ್ಸ್ ಅಲ್ಲ, ಅರ್ಥದೊಳಗಿನ ನಾಯ್ಸ್. ಯಾವ ಫಿಲ್ಟರ್ ಹಾಕಿದರೂ ಹೋಗಲ್ಲ, ಬಾಯಿಬಿಟ್ಟು ಓದಿದರೆ ಮಾತ್ರ ಸಿಗುತ್ತೆ. "ಹೆಸರು ಬೆಳಿಗೆ" ಅಂತ ತಿದ್ದಿದ್ವಿ.

ಮೂರನೆಯದು ನಿಜವಾಗಿಯೂ ಮುಖ್ಯ. ಮಳೆಯೇ ಆಗದೆ ಊರಿನ ಬೆಳೆಯೆಲ್ಲ ಒಣಗಿದರೆ ಒಬ್ಬೊಬ್ಬರು ಫೋನ್ ಮಾಡಬೇಕಾಗಿಲ್ಲ. ಆ ಪರಿಹಾರ ಬೆಳೆ ಕಟಾವು ಪ್ರಯೋಗದ ಇಳುವರಿ ಲೆಕ್ಕದ ಮೇಲೆ ಬರುತ್ತೆ. ಇದನ್ನು ಬಿಟ್ಟರೆ ಸಂದೇಶ ಚುಟುಕಾಗುತ್ತೆ, ಆದರೆ ಬರ ಬಿದ್ದಾಗ ಊರೆಲ್ಲ ಸುಮ್ಮನೆ ಫೋನ್ ಹಿಡಿದು ಕೂರಬೇಕಾಗುತ್ತೆ. ಹಾಗಾಗಿ ಉಳಿಸಿಕೊಂಡ್ವಿ.

ಮುಕ್ಕಾಲು ನಿಮಿಷದ ಧ್ವನಿಯಾಗಿ ಕೊನೆಗೆ ಆಗಿದ್ದು ಹೀಗೆ:

"ಪುರ್ತಗೇರಿ ಮಂದಿಗೆ ಒಂದು ಸುದ್ದಿರಿ. ಈ ಮುಂಗಾರಿಗೆ ಹೆಸರು ಬೆಳಿಗೆ ವಿಮಾ ತುಂಬಿದವ್ರು ಕೇಳ್ರಿ. ಆಲಿಕಲ್ಲು ಬಿತ್ತು, ಇಲ್ಲಾ ನೀರು ನಿಂತು ಬೆಳಿ ಹೋತು ಅಂದ್ರ ಸುಮ್ನ ಕುಂದ್ರಬ್ಯಾಡ್ರಿ. ಸೋಮವಾರ ಸಂಜಿ ಐದಕ್ಕ ಹಾನಿ ಆಗಿದ್ರ, ಗುರುವಾರ ಸಂಜಿ ಐದರ ಒಳಗ ತಿಳಿಸ್ಬೇಕ್ರಿ. 14447ಕ್ಕ ಫೋನ್ ಹಚ್ರಿ. ಹಚ್ಚೂ ಮುಂದ ಉತಾರ, ವಿಮಾ ತುಂಬಿದ ಪಾವತಿ ಕೈಯಾಗಿರ್ಲಿ. ಮಳಿನ ಆಗ್ಲಿಲ್ಲ, ಊರ ಬೆಳಿನ ಒಣಗಿತು ಅಂದ್ರ ಅದರ ಲೆಕ್ಕ ಬ್ಯಾರೆ ಐತ್ರಿ, ಅದಕ್ಕ ಫೋನ್ ಬ್ಯಾಡ."

ಧ್ವನಿ ಯಾರದ್ದು ಅನ್ನೋದರ ಮೇಲೆ ನಮ್ಮಲ್ಲಿ ಜಗಳವೇ ಆಯ್ತು. ಆರ್‌ಜೆ ಥರ ಮಾತಾಡೋ ಗೆಳತಿಯದ್ದು ಕೇಳೋಕೆ ಚೆಂದ. ಆದರೆ ಊರವರು ನಂಬೋದು ಊರಿನ ದನಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಯಂತ್ರ ಕೂಡಿಸೋದಕ್ಕೆ ಮನಸ್ಸು ಓದೋ ಮೇಷ್ಟ್ರು ಮುಂದಾದದ್ದು ನಮಗೆ ಇವತ್ತಿಗೂ ಸೋಜಿಗ. ನಮ್ಮ ಜಗಳ ಬಗೆಹರಿಸಿದ್ದು ಗೆಳೆಯನ ಚಿಗವ್ವ: "ನಾನ ಹೇಳ್ತೀನಿ ಕೊಡ್ರಿ." ಎರಡೇ ಸಲಕ್ಕೆ ಮುಗಿಸಿದರು. ಹಿಂದೆ ಎಮ್ಮೆ ಒದರಿದ್ದು ಹಾಗೇ ಉಳೀತು.

ಕೇಳಿಸಿದಾಗ ಮೊದಲು ನಕ್ಕಿದ್ದ ಅಜ್ಜಾರೇ ಕೇಳಿದರು: "ಇದು ಯಾವ ವರ್ಷದ್ದು ಅಂತ ಮುಂದಿನ ವರ್ಷ ಹೆಂಗ ತಿಳೀಬೇಕು?" ಫಾರ್ವರ್ಡ್ ಆದ ಧ್ವನಿಗೆ ವಯಸ್ಸು ಕಾಣೋದಿಲ್ಲ. ಚಿಗವ್ವ ಮತ್ತೆ ಫೋನ್ ಹಿಡಿದು, ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ, ತಾರೀಖು, ತಿಂಗಳು, ವರ್ಷ ಹೇಳಿ ಸೇರಿಸಿದರು.