ಮಾಡಿನೊಳಗೆ ಮರಬೆಕ್ಕಿನ ಬಿಡಾರ: ಹಿಡಿಯುವುದು ಬೇಡ, ದಾರಿ ಮುಚ್ಚಿ

ರಾತ್ರಿ ಹತ್ತರ ಹೊತ್ತಿಗೆ ಮುಚ್ಚಿಗೆಯ ಮೇಲೆ ದಡಬಡ. ಬೆಳಗ್ಗೆ ನೋಡಿದರೆ ಸೂರಿನ ಹತ್ತಿರ ನಾಲ್ಕು ಹಂಚು ಸರಿದಿವೆ. ಅಟ್ಟದಲ್ಲಿಟ್ಟ ಅಡಿಕೆ ಗೋಣಿಯ ಮೇಲೆ ಬೀಜ ತುಂಬಿದ ಹಿಕ್ಕೆ. ಕರಾವಳಿ, ಮಲೆನಾಡಿನ ತೋಟದ ಮನೆಗಳಲ್ಲಿ ಇದು ಹೊಸ ಕತೆಯೇನಲ್ಲ. ಬೇಸಗೆಯಲ್ಲಿ ಆದರೆ ಬರೇ ಕಿರಿಕಿರಿ. ಮಳೆಗಾಲದಲ್ಲಾದರೆ ಒಂದೇ ರಾತ್ರಿಯ ಸೋರಿಕೆಗೆ ವರ್ಷವಿಡೀ ಒಣಗಿಸಿಟ್ಟ ಚಾಲಿ ಒದ್ದೆಯಾಗಿ ಬೂಸಲು ಬಂದೀತು.

ಈ ಉಪದ್ರಕ್ಕೆ ಸಾಮಾನ್ಯವಾಗಿ ಹುಡುಕುವ ಮದ್ದು ಮೂರು: ಉರುಳು, ವಿಷ, ಬೋನು. ಮೂರೂ ಉಪಯೋಗವಿಲ್ಲ. ಒಂದು ಬೆಕ್ಕು ಹೋದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ, ಏಕೆಂದರೆ ದಾರಿ ತೆರೆದೇ ಇರುತ್ತದೆ. ನಾವು ಮುಚ್ಚಬೇಕಾದ್ದು ಆ ದಾರಿಯನ್ನು.

ಯಾರಿದು?

ಹೆಚ್ಚಿನ ಕಡೆ ಮಾಡು ಹತ್ತುವ ಪ್ರಾಣಿ ಮರಬೆಕ್ಕು. ಕೆಲವು ಊರುಗಳಲ್ಲಿ ಕಬ್ಬೆಕ್ಕು ಅಂತಲೂ ಕರೆಯುತ್ತಾರೆ. ಹೆಸರು ಬೆಕ್ಕಾದರೂ ಸಾಕುಬೆಕ್ಕಿನ ಕುಟುಂಬದ್ದಲ್ಲ. ಪುನುಗು ಬೆಕ್ಕು ಇದರ ನೆಂಟ, ಆದರೆ ಅದು ಹೆಚ್ಚಾಗಿ ನೆಲದ ಮೇಲೆಯೇ ತಿರುಗಾಡುವಂಥದ್ದು. ಮರಬೆಕ್ಕಿನ ತೂಕ ಎರಡರಿಂದ ಐದು ಕಿಲೋ. ಮೈ ಒಂದೂವರೆ ಅಡಿಗೂ ತುಸು ಹೆಚ್ಚು, ಬಾಲವೂ ಹತ್ತಿರ ಹತ್ತಿರ ಅಷ್ಟೇ ಉದ್ದ. ಮಂಗಳೂರು ಹಂಚಿನ ತೂಕ ಎರಡು, ಎರಡೂವರೆ ಕಿಲೋ. ಹಂಚನ್ನು ಮೂತಿಯಿಂದ ಎತ್ತಿ ಸರಿಸುವುದು ಈ ಪ್ರಾಣಿಗೆ ದೊಡ್ಡ ಕೆಲಸವಲ್ಲ.

ಹಗಲೆಲ್ಲ ಮರದ ಪೊಟರೆಯಲ್ಲಿ ನಿದ್ರೆ, ಕತ್ತಲಾದ ಮೇಲೆ ಊಟದ ತಿರುಗಾಟ, ಬೆಳಕು ಹರಿಯುವ ಮೊದಲು ವಾಪಸ್. ಇದು ಅದರ ದಿನಚರಿ. ಪೊಟರೆ ಇರುವ ಹಳೇ ಮರಗಳನ್ನು ನಾವೇ ಕಡಿದಿದ್ದೇವೆ. ಬೆಚ್ಚಗೆ, ಕತ್ತಲಾಗಿ, ಜನರ ಓಡಾಟವಿಲ್ಲದೆ ಇರುವ ನಮ್ಮ ಅಟ್ಟ ಅದಕ್ಕೆ ಇನ್ನೊಂದು ದೊಡ್ಡ ಪೊಟರೆ, ಅಷ್ಟೆ.

ಮೊದಲು ಗುರುತು ಹಿಡಿಯಿರಿ

ಮಾಡಿನೊಳಗಿನ ಸದ್ದೆಲ್ಲ ಮರಬೆಕ್ಕಿನದ್ದಲ್ಲ.

* ಇಲಿಯದ್ದು ಹಗುರ, ಚುರುಕು ಓಟ. ಹಿಕ್ಕೆ ಅಕ್ಕಿಕಾಳಿಗಿಂತ ತುಸು ದಪ್ಪ, ಎಲ್ಲೆಂದರಲ್ಲಿ ಚೆಲ್ಲಿರುತ್ತದೆ.
* ಅಳಿಲಿನ ಗಲಾಟೆ ಹಗಲಿಗೆ ಮಾತ್ರ.
* ಹಾವು ಬುಸುಗುಟ್ಟಿದ ಹಾಗೆ ಕೇಳಿ, ಕೆಳಗೆ ಬಿಳಿ ಕಲೆ ಮತ್ತು ಕೂದಲು, ಸಣ್ಣ ಎಲುಬು ಸೇರಿದ ಉಂಡೆ ಬಿದ್ದಿದ್ದರೆ ಅದು ಕಣಜ ಗೂಬೆ. ಇಲಿ ಹಿಡಿಯುವ ಹಕ್ಕಿ, ಓಡಿಸಬೇಡಿ.
* ಭಾರದ ಹೆಜ್ಜೆ, ಸಂಜೆ ಹೊರಗೆ ಹೋಗುವಾಗ ಒಮ್ಮೆ, ನಸುಕಿಗೆ ಬರುವಾಗ ಒಮ್ಮೆ ಕೇಳಿದರೆ ಅದು ಮರಬೆಕ್ಕು. ಹಿಕ್ಕೆಯಲ್ಲಿ ಬೈನೆ, ಕಾಫಿ, ಪೇರಳೆಯ ಇಡೀ ಇಡೀ ಬೀಜಗಳು ಇರುತ್ತವೆ. ಕೆಲವೊಮ್ಮೆ ಪರಿಮಳದ ಅಕ್ಕಿ ಬೇಯಿಸಿದ ಹಾಗೆ ವಾಸನೆಯೂ ಬರುವುದುಂಟು.

ಸಂಶಯ ಉಳಿದರೆ ಬೂದಿ ಪರೀಕ್ಷೆ ಮಾಡಿ. ಸಂಶಯ ಬಂದ ಜಾಗದಲ್ಲಿ ಒಲೆಯ ಬೂದಿಯನ್ನು ಜಾಲಿಸಿ ತೆಳ್ಳಗೆ ಹರಡಿ. ಬೆಳಗ್ಗೆ ಹೆಜ್ಜೆ ನೋಡಿ. ಸಾಕುಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕು ಬೆರಳು, ಮರಬೆಕ್ಕಿನದ್ದರಲ್ಲಿ ಐದು.

ಮರಿ ಇದ್ದರೆ ತಡೆಯಿರಿ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದು. ತಾಯಿ ಹೊರಗೆ ಹೋದಾಗ ಕಿಂಡಿ ಮುಚ್ಚಿಬಿಟ್ಟರೆ ಒಳಗಿನ ಮರಿಗಳು ಹಸಿದು ಸಾಯುತ್ತವೆ. ಮುಚ್ಚಿಗೆ ಮತ್ತು ಹಂಚಿನ ನಡುವೆ ಸತ್ತದ್ದನ್ನು ತೆಗೆಯುವುದೆಂದರೆ ಮಾಡು ಬಿಚ್ಚಿದ ಹಾಗೆಯೇ. ಅಷ್ಟೇ ಅಲ್ಲ, ಹೊರಗಾದ ತಾಯಿ ಸುಮ್ಮನೆ ಹೋಗುವುದಿಲ್ಲ. ಒಂದು ಹಂಚಿನ ಬದಲು ಹತ್ತು ಹಂಚು ಎಬ್ಬಿಸಿ ಒಳಗೆ ಬರಲು ನೋಡುತ್ತದೆ.

ಉತ್ತರ ಅಮೆರಿಕದಲ್ಲಿ ರ‍್ಯಾಕೂನ್ ಎಂಬ ಪ್ರಾಣಿ ಇದೇ ರೀತಿ ಮನೆ ಮಾಡು ಹರಿದು ಅಟ್ಟದಲ್ಲಿ ಮರಿ ಹಾಕುತ್ತದೆ. ಮರಬೆಕ್ಕಿಗಿಂತ ದೊಡ್ಡದು, ಕೈಯಂತಹ ಮುಂಗಾಲು, ಬಲವೂ ಜಾಸ್ತಿ. ಅಲ್ಲಿಯವರೂ ಕಂಡುಕೊಂಡದ್ದು ಇದನ್ನೇ: ಮರಿ ಒಳಗಿರುವಾಗ ದಾರಿ ಮುಚ್ಚಿದರೆ ತಾಯಿ ಮಾಡನ್ನೇ ಕೀಳುತ್ತದೆ. ಅವರಿಗೆ ಒಂದು ಅನುಕೂಲ ಉಂಟು. ರ‍್ಯಾಕೂನ್ ಹೆಚ್ಚಾಗಿ ಅಲ್ಲಿಯ ವಸಂತಕಾಲದಲ್ಲಿ ಮರಿ ಹಾಕುವುದರಿಂದ ತಿಂಗಳು ನೋಡಿ ಅಂದಾಜು ಮಾಡಬಹುದು. ಮರಬೆಕ್ಕು ವರ್ಷದ ಯಾವ ಕಾಲದಲ್ಲೂ ಮರಿ ಹಾಕೀತು, ಒಂದು ಸೂಲಿಗೆ ಎರಡರಿಂದ ಐದು. ಹಾಗಾಗಿ ಪಂಚಾಂಗ ನೋಡಿ ಪ್ರಯೋಜನವಿಲ್ಲ, ಅಟ್ಟಕ್ಕೆ ಹತ್ತಿ ಕಣ್ಣಾರೆ ನೋಡಲೇಬೇಕು. ಹಗಲು ಟಾರ್ಚ್ ಹಿಡಿದು ಮೂಲೆಗಳನ್ನು ನೋಡಿ, ಕುಂಯ್‌ಗುಟ್ಟುವ ಸದ್ದು ಇದೆಯೋ ಎಂದು ಕಿವಿಗೊಡಿ. ಕೈ ಹಾಕಬೇಡಿ.

ಮರಿ ಇದ್ದರೆ ಎರಡು ಮೂರು ತಿಂಗಳು ಸಹಿಸಿಕೊಳ್ಳುವುದೇ ಲಾಭ. ಅಷ್ಟರಲ್ಲಿ ಅವು ತಾಯಿಯ ಬೆನ್ನಿಗೆ ತಾವೇ ಹೊರಡುತ್ತವೆ. ಆತನಕ ಗೋಣಿಗಳನ್ನು ಬೇರೆ ಕಡೆಗೆ ಸಾಗಿಸಿ, ಸರಿದ ಹಂಚಿನ ಕೆಳಗೆ ಪ್ಲಾಸ್ಟಿಕ್ ಶೀಟ್ ಕಟ್ಟಿ. ತೀರಾ ಅವಸರವಿದ್ದರೆ ಅಟ್ಟದಲ್ಲಿ ಒಂದು ಬಲ್ಬು ಉರಿಸಿ, ಹಗಲಿಡೀ ರೇಡಿಯೋ ಹಾಡಿಸಿ. ನಿದ್ರೆ ಕೆಟ್ಟರೆ ಎಷ್ಟೋ ಸಲ ತಾಯಿಯೇ ಮರಿಗಳನ್ನು ಕಚ್ಚಿಕೊಂಡು ಬೇರೆ ಜಾಗಕ್ಕೆ ಸಾಗಿಸುತ್ತದೆ. ಮೆಣಸಿನ ಹೊಗೆ ಹಾಕುವುದು ಬೇಡವೇ ಬೇಡ. ಮರಿಗಳು ಉಸಿರುಗಟ್ಟಿ ಸಾಯುತ್ತವೆ. ಒಣ ಮರದ ಮಾಡಿನ ಕೆಳಗೆ ಕೆಂಡ ಕೊಂಡುಹೋಗುವುದು ಮನೆಗೇ ಅಪಾಯ.

ದಾರಿ ಮುಚ್ಚುವ ಕ್ರಮ

1. ಮರದಿಂದ ಮಾಡಿಗೆ ಇರುವ ಸೇತುವೆ ಕಡಿಯಿರಿ. ಹಲಸು, ಮಾವು, ಪೇರಳೆಯ ಗೆಲ್ಲು ಮಾಡಿನಿಂದ ಆರೇಳು ಅಡಿಯಾದರೂ ದೂರ ಇರಲಿ. ಒತ್ತಿನಲ್ಲೇ ಇರುವ ಒಂಟಿ ತೆಂಗಿಗೆ ನೆಲದಿಂದ ಆರಡಿ ಮೇಲೆ ತಗಡಿನ ಪಟ್ಟಿ ಸುತ್ತಿ. ಇಲಿಗೆ ಕಟ್ಟುವ ಪಟ್ಟಿ ಇದಕ್ಕೆ ಸಾಲದು. ಬೆಕ್ಕಿನ ಮೈಗಿಂತ ಪಟ್ಟಿ ಅಗಲ ಇರಬೇಕು, ಎರಡೂವರೆ ಅಡಿ ಬೇಕೇ ಬೇಕು. ಪಕ್ಕದ ಮರದ ಸೋಗೆ ಇದಕ್ಕೆ ತಾಗುತ್ತಿದ್ದರೆ ಪಟ್ಟಿ ಕಟ್ಟಿಯೂ ದಂಡ.

2. ಕಿಂಡಿಗಳ ಪಟ್ಟಿ ಮಾಡಿ. ಮುಖ್ಯವಾಗಿ ನೋಡಬೇಕಾದ್ದು ಸೂರಿನ ಕೊನೆಯ ಎರಡು ಸಾಲು ಹಂಚು, ಗೋಡೆಯ ತಲೆ ಮತ್ತು ಪಕ್ಕಾಸುಗಳ ನಡುವಿನ ಸಂದು, ಮಾಡಿನ ನೆತ್ತಿಯ ಹಂಚಿನ ಗಾರೆ ಕಿತ್ತ ಜಾಗ, ಅಡಿಗೆ ಮನೆಯ ಹೊಗೆಕಿಂಡಿ, ಕೊಟ್ಟಿಗೆಯ ಮಾಡು ಮನೆಗೆ ಕೂಡುವ ಮೂಲೆ. ಹಗಲು ಅಟ್ಟದೊಳಗೆ ಕತ್ತಲಲ್ಲಿ ಕೂತು ನೋಡಿದರೆ ಬೆಳಕು ಬರುವ ಜಾಗವೆಲ್ಲ ತಾನೇ ಕಾಣುತ್ತದೆ. ತಲೆ ತೂರಿದ ಕಡೆ ಮೈಯೂ ತೂರೀತು. ಮುಷ್ಟಿ ಹಿಡಿಯುವಷ್ಟು ಸಂದನ್ನೂ ಬಿಡಬೇಡಿ.

3. ಉಪಯೋಗಿಸುತ್ತಿರುವ ಕಿಂಡಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹಗಲೇ ಮುಚ್ಚಿ. ಸಂದುಗಳಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಒಳ್ಳೆಯದು, ಇಲಿಗೂ ತಡೆ. ತೆಳು ಕೋಳಿ ಬಲೆ ಬಾಳುವುದಿಲ್ಲ. ಸಿಮೆಂಟ್ ಹಾಕಿ ಎಲ್ಲ ಬಿಗಿ ಮಾಡಿದರೆ ಅಟ್ಟದ ಗಾಳಿಯಾಟ ನಿಂತು ಅಡಿಕೆಗೆ ಬೂಸಲು ಬಂದೀತು. ಮೆಶ್‌ನಲ್ಲಿ ಆ ತೊಂದರೆಯಿಲ್ಲ.

4. ಹಂಚು ಕಟ್ಟಿ. ಅನೇಕ ಮಂಗಳೂರು ಹಂಚುಗಳ ಅಡಿಭಾಗದಲ್ಲಿ ತೂತು ಇರುವ ಸಣ್ಣ ಕಿವಿ ಇರುತ್ತದೆ. ಅದು ಇರುವುದೇ ತಂತಿ ಕಟ್ಟಲಿಕ್ಕೆ. ತುಕ್ಕು ಹಿಡಿಯದ ತಂತಿ ಪೋಣಿಸಿ ರೀಪಿಗೆ ಬಿಗಿಯಿರಿ. ಇಡೀ ಮಾಡಿಗೆ ಬೇಕಿಲ್ಲ. ಸೂರಿನ ಎರಡು ಸಾಲು, ಎರಡೂ ಬದಿಯ ಅಂಚು, ನೆತ್ತಿಯ ಪಕ್ಕದ ಸಾಲು, ಇಷ್ಟು ಸಾಕು.

5. ಉಳಿದ ಒಂದು ಕಿಂಡಿಗೆ ತಟ್ಟಿಬಾಗಿಲು. ಕಿಂಡಿಗಿಂತ ಎಲ್ಲ ಬದಿಗೂ ನಾಲ್ಕಿಂಚು ದೊಡ್ಡದಾದ ಮೆಶ್ ತುಂಡನ್ನು ಹೊರಗಿನಿಂದ ಮೇಲಂಚಿಗೆ ಮಾತ್ರ ಕಟ್ಟಿ ನೇತಾಡಲು ಬಿಡಿ. ಒಳಗಿನಿಂದ ದೂಡಿದರೆ ತೆರೆಯುತ್ತದೆ, ಹೊರಗಿನಿಂದ ದೂಡಿದರೆ ಚೌಕಟ್ಟಿಗೆ ಒತ್ತಿ ನಿಲ್ಲುತ್ತದೆ. ಮರಿ ಇಲ್ಲವೆಂದು ಖಾತ್ರಿಯಾದ ಮೇಲೆ ಮಾತ್ರ ಇದನ್ನು ಮಾಡಿ.

6. ಒಳಗೆ ಯಾರೂ ಇಲ್ಲ ಎನ್ನುವುದಕ್ಕೆ ಕಾಗದ ಪರೀಕ್ಷೆ. ತಟ್ಟಿಯ ಒಳಬದಿಗೆ ಹಳೇ ಪೇಪರನ್ನು ಸಡಿಲವಾಗಿ ತುರುಕಿ. ಮೂರು ರಾತ್ರಿ ಅಲುಗದಿದ್ದರೆ ಒಳಗೆ ಖಾಲಿ. ಆಗ ತಟ್ಟಿಯನ್ನು ನಾಲ್ಕೂ ಬದಿಗೆ ಭದ್ರ ಮಾಡಿ.

ಈ ಕೆಲಸಕ್ಕೆ ಏಪ್ರಿಲ್-ಮೇ ಸರಿಯಾದ ಸಮಯ. ಒಡೆದ ಹಂಚು ಬದಲಾಯಿಸಲು ಹೇಗೂ ಆಗ ಜನ ಬರುತ್ತಾರೆ. ರಾತ್ರಿ ಅಥವಾ ಮಳೆ ಬಿದ್ದ ಮೇಲೆ ಮಾಡು ಹತ್ತಬೇಡಿ. ಪಾಚಿ ಹಿಡಿದ ಹಂಚು ಸೋಪಿನ ಹಾಗೆ ಜಾರುತ್ತದೆ.

ಊಟ ನಿಲ್ಲಿಸಿ, ನೆಲ ತೊಳೆಯಿರಿ

ಹಣ್ಣಾಗಲು ಜಗಲಿಯಲ್ಲಿ ತೂಗಿದ ಬಾಳೆಗೊನೆ, ಹಿತ್ತಿಲಲ್ಲಿ ಬಿದ್ದ ಹಲಸು, ನಾಯಿಗೆ ಹಾಕಿ ಮಿಕ್ಕ ಅನ್ನ, ಸರಿಯಾಗಿ ಮುಚ್ಚದ ಕೋಳಿಗೂಡು, ಇವು ಕರೆದು ಊಟ ಹಾಕಿದ ಹಾಗೆ. ಕೊಕ್ಕೋ ಇದ್ದವರು ಹಣ್ಣಾದ ಕಾಯಿಯನ್ನು ಮರದಲ್ಲಿ ಬಿಡದೆ ಹತ್ತು ಹದಿನೈದು ದಿನಕ್ಕೊಮ್ಮೆ ಕೊಯ್ಯಿರಿ.

ಅಟ್ಟದ ಹಿಕ್ಕೆಯನ್ನು ಒಣಗಿದ ಹಾಗೆಯೇ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿ, ಫಿನಾಯಿಲ್ ನೀರು ಚಿಮುಕಿಸಿ, ಒದ್ದೆ ಮಾಡಿ ತೆಗೆಯಿರಿ. ವಾಸನೆ ಉಳಿದರೆ ಹಳೇ ಜಾಗವೆಂದು ಮತ್ತೆ ಹುಡುಕಿಕೊಂಡು ಬಂದೀತು. ಅಕಸ್ಮಾತ್ ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ವಿಷಯದಲ್ಲಿ ಉದಾಸೀನ ಸಲ್ಲ.

ಕಾನೂನೂ ಗೊತ್ತಿರಲಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮರಬೆಕ್ಕಿಗೆ ರಕ್ಷಣೆ ಇದೆ. ಆ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಉರುಳಿಡುವುದು, ವಿಷ ಹಾಕುವುದು, ಬೋನಿನಲ್ಲಿ ಹಿಡಿಯುವುದೂ ಬೇಟೆಯೇ. ಒಳಗೆ ಸಿಕ್ಕಿಬಿದ್ದು ಹೊರಬಾರದಿದ್ದರೆ ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಿ. ಬಾಳೆ ಬುಡಕ್ಕೆ ಹಾಕುತ್ತಿದ್ದ ಫೋರೇಟನ್ನು ಹಣ್ಣಿಗೆ ತುಂಬಿ ಇಡುತ್ತಿದ್ದವರೂ ಉಂಟು. 2020ರ ಡಿಸೆಂಬರ್ 31ರಿಂದ ಫೋರೇಟ್ ದೇಶದಲ್ಲೇ ನಿಷೇಧ. ಅದೂ ಅಲ್ಲದೆ ವಿಷದ ಹಣ್ಣು ಮೊದಲು ಯಾರ ಬಾಯಿಗೆ ಹೋದೀತು ಅಂತ ಹೇಳಲಿಕ್ಕಾಗದು. ನಮ್ಮ ದನ, ನಾಯಿ, ಅಂಗಳದ ಮಕ್ಕಳು ಎಲ್ಲರೂ ಅಲ್ಲೇ ಇರುತ್ತಾರೆ.

ಇನ್ನೊಂದು ಮಾತು. ತೋಟದ ಬದಿಯಲ್ಲಿ ತಾವಾಗಿ ಎದ್ದ ಬೈನೆ ಗಿಡಗಳನ್ನು ನೆಟ್ಟವರಲ್ಲಿ ಮರಬೆಕ್ಕೂ ಒಂದು. ಹಣ್ಣು ನುಂಗಿ ಬೀಜವನ್ನು ದೂರ ದೂರ ಹಾಕುತ್ತದೆ, ಜೊತೆಗೆ ಇಲಿಯನ್ನೂ ಹಿಡಿಯುತ್ತದೆ. ತೋಟದ ಗಡಿಯಲ್ಲಿ ಪೊಟರೆಯಿರುವ ಒಂದೆರಡು ಹಳೇ ಮರ ಉಳಿಸಿ. ಅಲ್ಲಿ ಅದಕ್ಕೆ ಜಾಗ ಉಂಟು, ತಂತಿ ಕಟ್ಟಿದ ಹಂಚಿನ ಕೆಳಗೆ ನಮಗೆ ನಿದ್ರೆಯೂ ಉಂಟು.