ರೋಗಿ ಕೈತಪ್ಪದಿರಲಿ: ಯಳಂದೂರು ಸೀಮೆ ಕಲಿಸಿದ ಆರು ಪಾಠಗಳು

ಯಳಂದೂರು ಚಿಕ್ಕ ತಾಲ್ಲೂಕು. ಆದರೂ ಸುವರ್ಣಾವತಿ ದಡದ ಗದ್ದೆಬಯಲಿನಿಂದ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳವರೆಗೆ ಎಲ್ಲ ಬಗೆಯ ಜನ ಇಲ್ಲಿದ್ದಾರೆ. ಕೊಳ್ಳೇಗಾಲ, ಹನೂರು ಸೇರಿಸಿಕೊಂಡರೆ ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನವರೆಗೂ ಕೈ ಚಾಚಬೇಕು. ಈ ಸೀಮೆಯಲ್ಲಿ ಕುಟುಂಬ ವೈದ್ಯನಾಗಿ ನಾನು ಮನಗಂಡದ್ದು ಇಷ್ಟು: ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗಲೇ ರೋಗಿ ತಪ್ಪಿಹೋಗುವುದು. ವೈದ್ಯರು ಒಗ್ಗೂಡಬೇಕಾದ್ದು ಅದನ್ನು ತಡೆಯುವುದಕ್ಕೆ.

1. ಬಾಗಿಲಿಗೆ ಬಂದವರಷ್ಟೇ ರೋಗಿಗಳಲ್ಲ

ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದ ಮೇಲೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿದ್ದು ಕೆಳಗಿನ ಬಯಲಿನ ಕುಷ್ಠರೋಗವನ್ನು ಎದುರಿಸಲು. ನೋವಿಲ್ಲದ, ಸ್ಪರ್ಶವೂ ಇಲ್ಲದ ಮಚ್ಚೆ ತೋರಿಸಲು ಯಾರೂ ತಾವಾಗಿ ಬರುವುದಿಲ್ಲ. ನಾವೇ ಮನೆಮನೆಗೆ ಹೋಗಬೇಕು. ಮಾತ್ರೆ ಕೊಟ್ಟರಷ್ಟೇ ಸಾಲದು. ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಅದನ್ನು ಮೊದಲೇ ಹೇಳದಿದ್ದರೆ ರೋಗಿ ಹೆದರಿ ಮಾತ್ರೆ ಬಿಡುತ್ತಾನೆ. ಈ ಮಾತು ವೈದ್ಯ, ಸಿಸ್ಟರ್, ಆಶಾ ಮೂವರ ಬಾಯಲ್ಲೂ ಒಂದೇ ಆಗಿರಬೇಕು.

2. ಊರಿನ ರೋಗಕ್ಕೆ ಊರಿನ ಪ್ರಶ್ನೆ

ಫಿಟ್ಸ್ ಬಂತೆಂದು ಕರೆತಂದರೆ ನಾನು ಕೇಳುವುದು: "ತಲೆಗೆ ನೀರು ಉಯ್ಕೊಳ್ಳೋವಾಗ ಬಂತಾ?" ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ಮೊಗೆದು ತಲೆಗೆ ಸುರಿದುಕೊಳ್ಳುವಾಗ ಬರುವ ಬಿಸಿನೀರಿನ ಮೂರ್ಛೆ ನಮ್ಮ ಭಾಗದಲ್ಲಿ ಅಪರೂಪವಲ್ಲ. ಎಷ್ಟೋ ಮನೆಗಳಲ್ಲಿ ನೀರಿನ ಬಿಸಿ ತಗ್ಗಿಸಿದರೇ ಅರ್ಧ ಚಿಕಿತ್ಸೆ ಆದಂತೆ. ಈ ಪ್ರಶ್ನೆ ಕೇಳದೆ ಹೋದರೆ ದೂರದ ಆಸ್ಪತ್ರೆಯ ಸ್ಕ್ಯಾನಿಂಗ್‌ಗೆ ದುಡ್ಡು ಸುರಿದೂ ಕಾರಣ ತಿಳಿಯದೆ ಉಳಿಯಬಹುದು. ಇಂಥ ಪ್ರಶ್ನೆಗಳನ್ನು ಹೊಸದಾಗಿ ಬಂದ ವೈದ್ಯರಿಗೆ ಹಳಬರು ಮೊದಲ ವಾರದಲ್ಲೇ ಹೇಳಿಕೊಡಬೇಕು.

3. ತಜ್ಞರ ವಿದ್ಯೆಯನ್ನು ಊರಿಗೆ ತನ್ನಿ

ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಇದೇ ತಾಲ್ಲೂಕಿನಲ್ಲಿ ಮನೆಮನೆ ಸಮೀಕ್ಷೆ ಮಾಡಿ ಮೂರ್ಛೆರೋಗಿಗಳನ್ನು ಗುರುತಿಸಿದರು. ಫಿನೋಬಾರ್ಬಿಟಾನ್, ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಗಳನ್ನು ಕೊಟ್ಟು ವರ್ಷಗಟ್ಟಲೆ ಅವರನ್ನು ಗಮನಿಸಿದರು. 'ಯಳಂದೂರು ಅಧ್ಯಯನ' ಎಂದೇ ಹೆಸರಾದ ಈ ಕೆಲಸ 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಕ್ರಮ ತಪ್ಪದೆ ಮಾತ್ರೆ ನುಂಗಿದರೆ ಹಳ್ಳಿಯಲ್ಲೇ ಮೂರ್ಛೆ ಹತೋಟಿಗೆ ಬರುತ್ತದೆ ಎಂದು ಅದು ತೋರಿಸಿತು. ಕ್ರಮ ತಪ್ಪದಂತೆ ನೋಡಿಕೊಳ್ಳಬೇಕಾದವರು ಊರಲ್ಲೇ ಇರುವ ನಾವು.

4. ಚೀಟಿ ಪೂರ್ತಿ ಬರೆಯಿರಿ, ಫೋನೂ ಮಾಡಿ

ಹಾವು ಕಚ್ಚಿದವರನ್ನು ಮುಂದಕ್ಕೆ ಕಳಿಸುವಾಗ 'ಹಾವು ಕಡಿತ' ಎಂದಷ್ಟೇ ಬರೆದರೆ ಆಗದು. ಕಚ್ಚಿದ್ದು ಎಷ್ಟು ಗಂಟೆಗೆ, ರೆಪ್ಪೆ ಜೋಲುತ್ತಿದೆಯೇ, ಗಾಜಿನ ನಳಿಕೆಯಲ್ಲಿ ಅಲುಗಾಡಿಸದೆ 20 ನಿಮಿಷ ಇಟ್ಟ ರಕ್ತ ಹೆಪ್ಪುಗಟ್ಟಿತೇ, ವಿಷನಿರೋಧಕ ಎಷ್ಟು ವಯಲ್ ಹೋಗಿದೆ: ಇಷ್ಟೂ ಬೇಕು. 108 ಹೊರಟ ಕೂಡಲೇ ಮುಂದಿನ ಆಸ್ಪತ್ರೆಯ ವೈದ್ಯರಿಗೆ ಫೋನ್ ಮಾಡಿದರೆ ಅವರು ಸಿದ್ಧರಾಗಿರುತ್ತಾರೆ. ಅವರೂ ಬಿಡುಗಡೆಯ ದಿನ ನಮಗೆ ತಿಳಿಸಬೇಕು.

5. ಸರ್ಕಾರಿ, ಖಾಸಗಿ ಎಂಬ ಗೋಡೆ ಬೇಡ

1996ರಲ್ಲಿ ಸರ್ಕಾರ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆಯನ್ನು ಕರುಣಾ ಟ್ರಸ್ಟ್‌ಗೆ ವಹಿಸಿತು. ಸರ್ಕಾರದ್ದೇ ಕೇಂದ್ರದಲ್ಲಿ ಮೂರ್ಛೆರೋಗಕ್ಕೂ ಮಾನಸಿಕ ಕಾಯಿಲೆಗೂ ಆರೈಕೆ ಸಿಗುವಂತಾಯಿತು. ಅಷ್ಟು ದೊಡ್ಡ ಒಪ್ಪಂದ ಎಲ್ಲರಿಗೂ ಆಗುವ ಮಾತಲ್ಲ. ಆದರೆ ಕ್ಷಯ ಪತ್ತೆಯಾದ ದಿನವೇ ಖಾಸಗಿ ವೈದ್ಯರು ಸರ್ಕಾರಕ್ಕೆ ವರದಿ ಮಾಡಬಹುದು. 2012ರಿಂದ ಅದು ಕಡ್ಡಾಯವೂ ಹೌದು. ಮಾತ್ರೆ ಉಚಿತ, ಬಿಟ್ಟರೆ ಹುಡುಕಿಕೊಂಡು ಬರುವವರಿದ್ದಾರೆ. ರೋಗಿ ಕೈಬಿಟ್ಟುಹೋಗುತ್ತಾನೆಂಬ ಭಯದಲ್ಲಿ ಅವನನ್ನು ಹಿಡಿದಿಟ್ಟುಕೊಳ್ಳುವುದು ಅವನಿಗೇ ಹಾನಿ.

6. ಸರದಿ ಮಾಡಿಕೊಳ್ಳಿ

ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಜನ ಹರಿದುಬರುತ್ತಾರೆ, ನಡೆದು ಹೋಗುವವರೂ ಬಹಳ. ಅಂಥ ದಿನ ಹನೂರು ದಾರಿಯ ವೈದ್ಯರೆಲ್ಲ ಒಟ್ಟಿಗೆ ಊರು ಬಿಡುವಂತಿಲ್ಲ. ರಾತ್ರಿ, ಭಾನುವಾರ, ಹಬ್ಬಗಳಿಗೂ ಯಾರಿರುತ್ತಾರೆಂದು ಮುಂಚೆಯೇ ಗೊತ್ತು ಮಾಡಿ ಕ್ಲಿನಿಕ್ ಬಾಗಿಲಲ್ಲಿ ಬರೆದು ಹಾಕಿ. ದಣಿದ ವೈದ್ಯನಿಂದ ಊರಿಗೆ ಉಪಕಾರವಿಲ್ಲ.

ಇದಕ್ಕೆಲ್ಲ ಹೊಸ ಕಟ್ಟಡ ಬೇಕಿಲ್ಲ, ಅನುದಾನಕ್ಕೆ ಕಾಯಬೇಕಿಲ್ಲ. ಪಕ್ಕದೂರಿನ ವೈದ್ಯರನ್ನು ಪ್ರತಿಸ್ಪರ್ಧಿ ಎಂದುಕೊಳ್ಳುವುದನ್ನು ಬಿಟ್ಟು, ಈ ತಿಂಗಳು ಮಾತ್ರೆ ಒಯ್ಯಲು ಬಾರದವರ ಪಟ್ಟಿ ಹಿಡಿದು ಆ ವೈದ್ಯರೊಡನೆ ಕೂತರೆ ಕೆಲಸ ಶುರುವಾಗುತ್ತದೆ.